ಬಹುಮಾನದ ಊಟಕ್ಕೆ ಹಳೆಯ ಫುಟ್‌ಬಾಲ್ ಆಟಗಾರರನ್ನು ಕರೆಯುವುದು: ಕ್ಲಬ್ ಕಾರ್ಯದರ್ಶಿಗೂ ಅತಿಥಿಗೂ ಒಂದು ಮಾರ್ಗದರ್ಶಿ

ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ಲಬ್ಬಿನ ವಾರ್ಷಿಕ ಬಹುಮಾನದ ಊಟದಲ್ಲಿ ಮುಖ್ಯ ಅತಿಥಿಯ ಮಾತು ನೀರಸವಾದರೆ ತಪ್ಪು ಬಹುಮಟ್ಟಿಗೆ ಅತಿಥಿಯದ್ದಲ್ಲ. ಇಪ್ಪತ್ತು ವರ್ಷ ಮೈದಾನದಲ್ಲಿ ಕಳೆದವರನ್ನು ರಾತ್ರಿ ಒಂಬತ್ತೂವರೆಗೆ, ಹಸಿದು ಕೂತ ಇನ್ನೂರು ಮಂದಿಯ ಮುಂದೆ ನಿಲ್ಲಿಸಿ, 'ಸರ್, ಎರಡು ಮಾತು' ಎಂದರೆ ಅವರಾದರೂ ಏನು ಮಾಡಿಯಾರು? ಆಡಿದ ತಂಡಗಳ ಹೆಸರು ಹೇಳುತ್ತಾರೆ, ಶಿಸ್ತು ಮುಖ್ಯ ಎನ್ನುತ್ತಾರೆ, ಮೊಬೈಲ್ ಬಿಡಿ ಎನ್ನುತ್ತಾರೆ, ಕೂರುತ್ತಾರೆ. ಅವರ ಬಳಿ ಹೇಳಲು ಬೇಕಾದಷ್ಟಿದೆ. ಅದನ್ನು ಹೊರತೆಗೆಯುವ ಕೆಲಸ ಆರು ವಾರ ಮೊದಲೇ ಶುರುವಾಗಬೇಕು, ಮತ್ತು ಅದರ ಮುಕ್ಕಾಲು ಪಾಲು ಕಾರ್ಯದರ್ಶಿಯದ್ದು.

ಯಾರನ್ನು ಕರೆಯುವುದು

ದೊಡ್ಡ ಹೆಸರೇ ಬೇಕೆಂದು ಹಟ ಹಿಡಿಯಬೇಡಿ. ಬೆಂಗಳೂರಿನ ಕ್ಲಬ್ಬಾದರೆ ಹುಡುಕಾಟ ಮನೆಯ ಹಿತ್ತಲಲ್ಲೇ ಮುಗಿಯುತ್ತದೆ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಬೀದಿಗೊಬ್ಬರು ಹಳೆಯ ಆಟಗಾರರು ಸಿಗುತ್ತಾರೆ. ಎಚ್‌ಎಎಲ್, ಐಟಿಐ (ಟೆಲಿಫೋನ್ ಕಾರ್ಖಾನೆ) ತಂಡಗಳಿಗೆ ಆಡಿ ಅಲ್ಲೇ ನೌಕರಿ ಮಾಡಿ ನಿವೃತ್ತರಾದವರಿದ್ದಾರೆ. ನಿಮ್ಮ ವಿಶ್ವವಿದ್ಯಾಲಯದ ಪರವಾಗಿ ಅಂತರ ವಿವಿ ಟೂರ್ನಿ ಆಡಿ ಮುಂದೆ ರಾಜ್ಯ ತಂಡಕ್ಕೆ ಹೋದವರು ಸಿಕ್ಕರಂತೂ ಅವರೇ ಮೊದಲ ಆಯ್ಕೆಯಾಗಲಿ. ಅದೇ ಹಾಸ್ಟೆಲ್, ಅದೇ ಮೈದಾನದ ಅದೇ ಇಳಿಜಾರಿನ ಮೂಲೆ ಎಂದ ತಕ್ಷಣ ಕೂತವರ ಕಿವಿ ನೆಟ್ಟಗಾಗುತ್ತದೆ.

ಮಹಿಳಾ ತಂಡಕ್ಕೂ ಅದೇ ರಾತ್ರಿ ಬಹುಮಾನವಿದ್ದರೆ, ಅತಿಥಿಯಾಗಿ ಹಳೆಯ ಆಟಗಾರ್ತಿಯೊಬ್ಬರನ್ನು ಕರೆಯಬಹುದೇ ಎಂದು ಮೊದಲೇ ಯೋಚಿಸಿ. ವರ್ಷ ಬಿಟ್ಟು ವರ್ಷ ಎಂದು ಪಾಳಿ ಇಟ್ಟುಕೊಂಡರೆ ಪ್ರತಿಸಲವೂ ವಾದ ಮಾಡುವ ಕಷ್ಟ ತಪ್ಪುತ್ತದೆ.

ಆರು ವಾರ ಮೊದಲು: ಕರೆ

ಮೊದಲ ಫೋನನ್ನು ಅವರಿಗೆ ಪರಿಚಯವಿರುವವರು ಮಾಡಲಿ: ಹಳೆಯ ಸಹ ಆಟಗಾರ, ಜಿಲ್ಲಾ ರೆಫರಿ, ನಿಮ್ಮ ಕೋಚ್. ಎರಡನೆಯದು ಕಾರ್ಯದರ್ಶಿಯದ್ದು. ಮೂರನೆಯದಾಗಿ ದೈಹಿಕ ಶಿಕ್ಷಣ ನಿರ್ದೇಶಕರ ಸಹಿಯಿರುವ ಪತ್ರ ಹೋಗಲಿ. ಪತ್ರದಲ್ಲಿ ದಿನಾಂಕ, ಜಾಗ, ಬರಬೇಕಾದ ಹೊತ್ತು, ಮಾತಾಡಬೇಕಾದ ಹೊತ್ತು, ಎಷ್ಟು ನಿಮಿಷ, ಎದುರಿಗೆ ಎಷ್ಟು ಜನ, ಮನೆಗೆ ಮರಳುವ ಹೊತ್ತು, ಇಷ್ಟೂ ಇರಬೇಕು. 'ತಾವು ಆಗಮಿಸಿ ಸಭೆಯ ಶೋಭೆ ಹೆಚ್ಚಿಸಬೇಕು' ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಫೋನಿನಲ್ಲೇ ಕೇಳಿಕೊಳ್ಳಬೇಕಾದ ನಾಲ್ಕು ಸಂಗತಿಗಳಿವೆ. ಕೇಳಲು ಸಂಕೋಚ ಪಟ್ಟರೆ ಆ ದಿನ ಇನ್ನೂ ಹೆಚ್ಚು ಸಂಕೋಚ ಪಡಬೇಕಾಗುತ್ತದೆ.

ಒಂದು, ಮೊಣಕಾಲು. ವರ್ಷಗಟ್ಟಲೆ ಫುಟ್‌ಬಾಲ್ ಆಡಿದವರಲ್ಲಿ ಮಂಡಿನೋವು ಸಾಮಾನ್ಯ. ಮೆಟ್ಟಿಲು ಹತ್ತಬಲ್ಲರೇ, ಎಷ್ಟು ಹೊತ್ತು ನಿಲ್ಲಬಲ್ಲರು ಎಂದು ಕೇಳಿ. ವೇದಿಕೆಯ ಪಕ್ಕದ ಮರದ ಮೆಟ್ಟಿಲಿಗೆ ಕೈಹಿಡಿ ಇರುವುದು ಅಪರೂಪ. ಒಬ್ಬ ವಿದ್ಯಾರ್ಥಿ ಅಲ್ಲಿ ನಿಂತು ತೋಳು ಕೊಡಬೇಕು. ಸಾಧ್ಯವಾದರೆ ವೇದಿಕೆಯನ್ನೇ ಬಿಟ್ಟು ನೆಲದ ಮೇಲೆ ಮೈಕ್ ಇಡಿ.

ಎರಡು, ಊಟದ ಹೊತ್ತು ಮತ್ತು ಪಥ್ಯ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಹತ್ತರವರೆಗೆ ಖಾಲಿ ಹೊಟ್ಟೆಯಲ್ಲಿ ಕೂರುವಂತಿಲ್ಲ.

ಮೂರು, ಭಾಷೆ. ಬೆಂಗಳೂರಿನ ಹಳೆಯ ಫುಟ್‌ಬಾಲ್ ಬಡಾವಣೆಗಳಲ್ಲಿ ತಮಿಳು, ದಖ್ಖನಿ ಉರ್ದು, ಇಂಗ್ಲಿಷ್, ಕನ್ನಡ ಎಲ್ಲವೂ ಬೆರೆತ ಮಾತು ನಡೆಯುತ್ತದೆ. ಅವರಿಗೆ ಯಾವುದು ಸಲೀಸೋ ಅದರಲ್ಲೇ ಮಾತಾಡಲಿ. ನಾಲ್ಕು ನಿಮಿಷಕ್ಕೊಮ್ಮೆ ಎರಡು ವಾಕ್ಯದಲ್ಲಿ ಕನ್ನಡಕ್ಕೆ ತಂದು ಹೇಳುವ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿ. ಬರದ ಭಾಷೆಯಲ್ಲಿ ಔಪಚಾರಿಕವಾಗಿ ಮಾತಾಡಿಸಿದರೆ ಅವರು ಬರೀ ಸುವಿಚಾರ ಹೇಳುತ್ತಾರೆ. ಮನೆಮಾತಿನಲ್ಲಾದರೆ ಆ ಫ್ರೀ ಕಿಕ್ ಹೇಗೆ ತಿರುಗಿತು ಎಂದು ಕೈಯಾಡಿಸಿ ತೋರಿಸುತ್ತಾರೆ.

ನಾಲ್ಕು, ಗೌರವಧನ. ಕೊಡುತ್ತೀರಾದರೆ ಎಷ್ಟೆಂದು ಮೊದಲೇ ಹೇಳಿ. ಕೊಡಲಾಗದಿದ್ದರೆ ಅದನ್ನೂ ನೇರವಾಗಿ ಹೇಳಿ, ಕನಿಷ್ಠ ಕಾರಿನ ವ್ಯವಸ್ಥೆ ಮಾಡಿ. ವಿವಿಯ ಹಣಕಾಸು ವಿಭಾಗದ ಮೂಲಕ ಹೋಗುವುದಾದರೆ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಬೇಕಾಗುತ್ತದೆ, ಬಿಲ್ ಪಾಸಾಗಲು ಹೊತ್ತು ಹಿಡಿಯುತ್ತದೆ. ಆ ಕಾಗದಗಳನ್ನು ಕಾರ್ಯಕ್ರಮದ ರಾತ್ರಿ ಊಟದ ತಟ್ಟೆಯ ಪಕ್ಕ ಇಟ್ಟು ಸಹಿ ಕೇಳುವುದು ಚೆನ್ನಾಗಿರುವುದಿಲ್ಲ. ನಗದಾದರೆ ಮುಚ್ಚಿದ ಕವರಿನಲ್ಲಿ, ಕಾರು ಹತ್ತುವ ಮುನ್ನ ಕೊಡಿ. ವೇದಿಕೆಯ ಮೇಲೆ ಬೇಡ.

ಪರಿಚಯ ಬರೆಯುವುದು: ಹೆಚ್ಚು ತಪ್ಪಾಗುವ ಜಾಗ

ಪರಿಚಯ ಎರಡು ನಿಮಿಷ ಮೀರಬಾರದು, ಅದರಲ್ಲಿ ಒಂದೂ ತಪ್ಪಿರಬಾರದು. ಅತಿಥಿಗೆ ಎರಡನೆಯದೇ ಮುಖ್ಯ. ಶಿಬಿರಕ್ಕೆ ಆಯ್ಕೆಯಾದವರನ್ನು 'ಭಾರತ ತಂಡದ ಆಟಗಾರ' ಎಂದರೆ, ಕಿರಿಯರ ತಂಡಕ್ಕೆ ಆಡಿದವರನ್ನು 'ಅಂತರರಾಷ್ಟ್ರೀಯ' ಎಂದಷ್ಟೇ ಹೇಳಿ ಬಿಟ್ಟರೆ, ಮುಂದಿನ ಸಾಲಿನಲ್ಲಿ ಕೂತ ಹಳೆಯ ಸಹ ಆಟಗಾರರು ಮುಗುಳ್ನಗುತ್ತಾರೆ. ಅತಿಥಿ ಮೈಕ್ ಹಿಡಿದ ತಕ್ಷಣ ಅದನ್ನು ತಿದ್ದಬೇಕಾಗುತ್ತದೆ, ಅಲ್ಲಿಗೆ ಮಾತಿನ ಓಟವೇ ಮುರಿಯಿತು.

ಕರ್ನಾಟಕದ ವಿಚಾರದಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ನಿರ್ದಿಷ್ಟ ಜಾಗವಿದೆ. ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿದ್ದು 'ಮೈಸೂರು' ಹೆಸರಿನಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಹಾಗಾಗಿ ಅರವತ್ತರ ದಶಕದ ಆಟಗಾರರ ಬಗ್ಗೆ 'ಕರ್ನಾಟಕ' ಎಂದು ಹುಡುಕಿದರೆ ಏನೂ ಸಿಗದು, 'ಮೈಸೂರು' ಎಂದು ಸಿಕ್ಕಿದ್ದನ್ನು ಮೈಸೂರು ನಗರದ ತಂಡ ಎಂದುಕೊಂಡು ಬಿಟ್ಟುಬಿಡುತ್ತಾರೆ. ಕರ್ನಾಟಕ ಎಂಬ ಹೆಸರಿನಲ್ಲಿ ಆ ಟ್ರೋಫಿ ಬಂದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. 1968–69ರ ಮತ್ತು 2023ರ ಗೆಲುವುಗಳ ನಡುವಿನ 54 ವರ್ಷಗಳಲ್ಲಿ ರಾಜ್ಯಕ್ಕೆ ಆಡಿದ ಆಟಗಾರರು ಟ್ರೋಫಿ ಇಲ್ಲದೆಯೇ ಮನೆಗೆ ಮರಳಿದವರು. ಅಂಥವರನ್ನು 'ಸಂತೋಷ್ ಟ್ರೋಫಿ ವಿಜೇತ' ಎಂದು ಓದಿದರೆ ಅದು ಹೊಗಳಿಕೆಯಾಗುವುದಿಲ್ಲ, ಗಾಯ ಕೆರೆದಂತಾಗುತ್ತದೆ. 'ಆಡಿದವರು' ಬೇರೆ, 'ಗೆದ್ದವರು' ಬೇರೆ.

ಕೆಲಸದ ಕ್ರಮ ಹೀಗಿರಲಿ: ಫೋನಿನಲ್ಲಿ ಅವರಿಂದಲೇ ತಂಡ, ವರ್ಷ, ಆಡುತ್ತಿದ್ದ ಸ್ಥಾನ ಬರೆದುಕೊಳ್ಳಿ, ಪರಿಚಯ ಬರೆಯಿರಿ, ವಾರ ಮೊದಲೇ ಅವರಿಗೆ ಓದಿ ಹೇಳಿ, ತಿದ್ದಿದ್ದನ್ನು ಮುದ್ರಿಸಿ ನಿರೂಪಕರ ಕೈಗೆ ಕೊಡಿ. ಹೆಸರಿನ ಉಚ್ಚಾರವನ್ನು ನಿರೂಪಕರು ಒಮ್ಮೆ ಅವರ ಎದುರೇ ಹೇಳಿ ಸರಿಪಡಿಸಿಕೊಳ್ಳಲಿ.

ಬರೆಯುವಾಗ ಪಟ್ಟಿಗಿಂತ ಒಂದು ಪಂದ್ಯ ಮೇಲು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರನ್ನು ನೆನೆಯುವಾಗ ಅವರು ಆಡಿದ ಕ್ಲಬ್ಬುಗಳನ್ನೆಲ್ಲ ಎಣಿಸುವುದಕ್ಕಿಂತ, 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದರು, ಪಂದ್ಯ 6–2ಕ್ಕೆ ಮುಗಿಯಿತು ಎಂದರೆ ಸಾಕಲ್ಲವೇ? ಕೇಳುವವರ ಕಣ್ಣ ಮುಂದೆ ಆಟಗಾರ ಬಂದು ನಿಲ್ಲುತ್ತಾನೆ.

ಸಂಜೆಯ ಸಮಯಪಟ್ಟಿ

ವಿಲಾಯತಿ ಪದ್ಧತಿಯ ಬಹುಮಾನದ ಊಟದಲ್ಲಿ ಎಲ್ಲರೂ ಮೇಜಿಗೆ ಕೂತು ಉಣ್ಣುತ್ತಾರೆ, ಊಟದ ಕೊನೆಗೆ ಅತಿಥಿ ಎದ್ದು ಮಾತಾಡುತ್ತಾರೆ. ಆ ಕ್ರಮವನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದರೆ ಕೆಡುತ್ತದೆ, ಏಕೆಂದರೆ ನಮ್ಮಲ್ಲಿ ಬಫೆ. ಊಟ ತೆರೆದ ಕ್ಷಣ ಸಾಲು, ತಟ್ಟೆಗಳ ಸದ್ದು, ಐಸ್‌ಕ್ರೀಮ್ ಮುಗಿದೀತೆಂಬ ಆತಂಕ. ಅದಾದ ಮೇಲೆ ಸಭೆ ಮತ್ತೆ ಕೂರುವುದಿಲ್ಲ. ಹಾಗೆಂದು ಊಟವನ್ನು ಒಂಬತ್ತೂವರೆಗೆ ತಳ್ಳಿದರೂ ಹಸಿವಿನ ಮುಂದೆ ಯಾವ ಮಾತೂ ನಿಲ್ಲದು. ಬಾಡಿಗೆ ಸಭಾಂಗಣವಾದರೆ ಬಿಟ್ಟುಕೊಡುವ ಹೊತ್ತಿನ ಗಡಿ, ಹಾಸ್ಟೆಲ್ ಹೆಣ್ಣುಮಕ್ಕಳಿಗೆ ಗೇಟು ಮುಚ್ಚುವ ಹೊತ್ತಿನ ಗಡಿ. ಇವೆರಡನ್ನೂ ಮೊದಲು ಬರೆದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಮಹಿಳಾ ತಂಡ ತನ್ನ ಬಹುಮಾನಕ್ಕೂ ಮುನ್ನ ಎದ್ದು ಹೋಗಬೇಕಾಗಿ ಬಂದರೆ ಅದು ಕಾರ್ಯದರ್ಶಿಯ ಲೆಕ್ಕದ ತಪ್ಪು.

ಎಂಟೂಕಾಲಿಗೆ ಊಟ ತೆರೆಯುವಂಥ ಒಂದು ಪಟ್ಟಿ:

6:30 – ಬೋಂಡಾ, ಕಾಫಿ (ಇದನ್ನು ಕೈಬಿಡಬೇಡಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ)
7:00 – ಪ್ರಾರ್ಥನೆ, ದೀಪ, ಸ್ವಾಗತ, 10 ನಿಮಿಷ
7:10 – ಋತುವಿನ ವರದಿ, 5 ನಿಮಿಷ
7:15 – ಪ್ರಮಾಣಪತ್ರಗಳು, ಸಣ್ಣ ಬಹುಮಾನಗಳು, 20 ನಿಮಿಷ
7:35 – ಅತಿಥಿಯ ಪರಿಚಯ 2 ನಿಮಿಷ, ಸನ್ಮಾನ 4 ನಿಮಿಷ
7:41 – ಅತಿಥಿಯ ಮಾತು 12 ನಿಮಿಷ, ಪ್ರಶ್ನೆ 6 ನಿಮಿಷ
8:00 – ಮುಖ್ಯ ಬಹುಮಾನ ಐದು, 8 ನಿಮಿಷ
8:08 – ಅಧ್ಯಕ್ಷರ ನುಡಿ, ವಂದನೆ
8:15 – ಊಟ

ಅತಿಥಿಯ ಮಾತು ಮುಖ್ಯ ಬಹುಮಾನಗಳಿಗಿಂತ ಮೊದಲೇ ಬರಬೇಕು. ವರ್ಷದ ಆಟಗಾರ ಯಾರೆಂದು ತಿಳಿದ ಮೇಲೆ ಅರ್ಧ ಸಭೆ ಫೋಟೋಕ್ಕೆ ಏಳುತ್ತದೆ. ತಿಳಿಯುವವರೆಗೆ ಯಾರೂ ಕದಲುವುದಿಲ್ಲ.

ಸಮಯ ಸೋರುವ ತೂತುಗಳು ಎಲ್ಲರಿಗೂ ಗೊತ್ತು, ಆದರೂ ಮುಚ್ಚುವವರಿಲ್ಲ. 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ಏಳು ಹೆಸರು ಹೇಳಲು 40 ಸೆಕೆಂಡು ಬೇಕು. ಆರು ಜನ ಆರು ಸಲ ಹೇಳಿದರೆ ನಾಲ್ಕು ನಿಮಿಷ ಹೋಯಿತು. ಸ್ವಾಗತ ಮಾಡುವವರು ಒಮ್ಮೆ ಹೇಳಿದರೆ ಸಾಕು, ಉಳಿದವರು 'ಎಲ್ಲರಿಗೂ ನಮಸ್ಕಾರ' ಎನ್ನಲಿ ಎಂದು ಮೊದಲೇ ವಿನಂತಿಸಿ. ವೇದಿಕೆಯ ಗಣ್ಯರು ನಾಲ್ವರನ್ನು ಮೀರದಿರಲಿ. ಸನ್ಮಾನಕ್ಕೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಂದು ಐದು ಬಗೆ ಇಟ್ಟರೆ ಐದು ಸಲ ಫೋಟೋ. ಪೇಟ ಮತ್ತು ಶಾಲು, ಅಥವಾ ಶಾಲು ಮತ್ತು ಸ್ಮರಣಿಕೆ ಸಾಕು. ಪೇಟದ ಅಳತೆ ಮೊದಲೇ ನೋಡಿಕೊಳ್ಳಿ. ಕಣ್ಣಿನ ಮೇಲೆ ಜಾರುವ ಪೇಟದ ಫೋಟೋ ಯಾರ ಗೋಡೆಯನ್ನೂ ಏರುವುದಿಲ್ಲ. ಹಣ್ಣಿನ ಬುಟ್ಟಿಯನ್ನು ನೇರ ಕಾರಿಗೆ ಕಳಿಸಿ.

ಬಹುಮಾನದ ಮೇಜು

ಒಂದು ಬಹುಮಾನಕ್ಕೆ ಕೂಗು, ನಡಿಗೆ, ಕೈಕುಲುಕು, ಫೋಟೋ, ಇಳಿಯುವುದು ಎಲ್ಲ ಸೇರಿ ಸುಮಾರು ಒಂದು ನಿಮಿಷ ಹಿಡಿಯಿರಿ. ನಲವತ್ತು ಪ್ರಮಾಣಪತ್ರಗಳನ್ನು ಹೀಗೆ ಕೊಟ್ಟರೆ ನಲವತ್ತು ನಿಮಿಷ. ಅವನ್ನು ತಂಡವಾರು ಗುಂಪಾಗಿ ಕರೆದು ಕೊಡಿ, ಗುಂಪಿಗೊಂದೇ ಫೋಟೋ. ಅವುಗಳನ್ನು ಕೋಚ್ ಮತ್ತು ದೈಹಿಕ ಶಿಕ್ಷಣ ನಿರ್ದೇಶಕರು ಕೊಡಲಿ. ಅತಿಥಿಯ ಕೈಯಿಂದ ಮುಖ್ಯ ಬಹುಮಾನ ಐದು ಮಾತ್ರ. ಮಂಡಿಯ ಕಾರಣವನ್ನು ಮೇಲೆ ಹೇಳಿದೆ. ಇನ್ನೊಂದು, ನಲವತ್ತೊಂದನೆಯ ಕೈಕುಲುಕಿನಲ್ಲಿ ಯಾರಿಗೂ ನಗು ಉಳಿದಿರುವುದಿಲ್ಲ.

ಟ್ರೋಫಿಗಳನ್ನು ಕರೆಯುವ ಕ್ರಮದಲ್ಲೇ ಎಡದಿಂದ ಜೋಡಿಸಿ, ಬುಡಕ್ಕೆ ಸಂಖ್ಯೆಯ ಚೀಟಿ ಅಂಟಿಸಿ. ಕೆತ್ತಿಸಿದ ಹೆಸರಿನ ಅಕ್ಷರಗಳನ್ನು ಅಂಗಡಿಯಲ್ಲೇ ಓದಿ ನೋಡಿ, ಕಾರ್ಯಕ್ರಮದ ದಿನ ನೋಡಿದರೆ ತಿದ್ದಲಾಗದು. ವಿಜೇತರು ಸಾಲಿನ ಅಂಚಿನ ಕುರ್ಚಿಯಲ್ಲಿ ಕೂರುವಂತೆ ಮಾಡಬಹುದು, ಆದರೆ ಆಗ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಇಡೀ ತಂಡವನ್ನೇ ನಡುದಾರಿಯ ಪಕ್ಕದ ಸಾಲುಗಳಲ್ಲಿ ಕೂರಿಸಿ. ಫೋಟೋಕ್ಕೆ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪು ಹಚ್ಚಿ. ಟ್ರೋಫಿ ಎದೆಯ ಮಟ್ಟದಲ್ಲಿರಲಿ, ಮುಖ ಮುಚ್ಚದಿರಲಿ.

ಮೈಕ್

ಮೈದಾನದಲ್ಲಿ ಕೂಗಿ ರೂಢಿಯಾದವರು ಮೈಕನ್ನು ಹೊಟ್ಟೆಯ ಹತ್ತಿರ ಹಿಡಿಯುತ್ತಾರೆ, ತಮ್ಮ ದನಿ ಹೇಗೂ ಮುಟ್ಟುತ್ತದೆ ಎಂಬ ನಂಬಿಕೆಯಿಂದ. ಹಿಂದಿನ ಸಾಲಿಗೆ ಏನೂ ಕೇಳುವುದಿಲ್ಲ. ಬಾಯಿಯಿಂದ ನಾಲ್ಕು ಬೆರಳಿನಷ್ಟು ದೂರ ಎಂದು ಮೊದಲೇ ತೋರಿಸಿ. ಕೀಚಲು ಸದ್ದು ಬರುವುದು ಮೈಕಿನ ಬಾಯಿ ಸ್ಪೀಕರ್ ಪೆಟ್ಟಿಗೆಯ ಕಡೆ ತಿರುಗಿದಾಗ ಅಥವಾ ಮಾತಾಡುವವರು ಪೆಟ್ಟಿಗೆಗಿಂತ ಮುಂದೆ ಬಂದು ನಿಂತಾಗ. ಪೆಟ್ಟಿಗೆಗಳು ಯಾವಾಗಲೂ ಅವರಿಗಿಂತ ಮುಂದೆ, ಸಭೆಯ ಕಡೆಗೆ ಮುಖ ಮಾಡಿರಲಿ. ಕೈಮೈಕಿಗೆ ಹೊಸ ಬ್ಯಾಟರಿ, ಜೊತೆಗೆ ತಂತಿಯ ಮೈಕ್ ಒಂದು ಸಿದ್ಧವಿರಲಿ. ಹಳೆಯ ಫೋಟೋ ಅಥವಾ ವಿಡಿಯೊ ತೋರಿಸುವುದಾದರೆ ಅದೇ ಲ್ಯಾಪ್‌ಟಾಪ್, ಅದೇ ಪ್ರೊಜೆಕ್ಟರಿನಲ್ಲಿ ಸದ್ದಿನ ಸಮೇತ ಮಧ್ಯಾಹ್ನವೇ ಒಮ್ಮೆ ಓಡಿಸಿ ನೋಡಿ.

ಅತಿಥಿಗೆ: ಹನ್ನೆರಡು ನಿಮಿಷ ತುಂಬುವುದು ಹೇಗೆ

ಇಲ್ಲಿಂದ ಮುಂದಿನದು ಮಾತಾಡುವವರಿಗೆ. ಕಾರ್ಯದರ್ಶಿ ಇದನ್ನೇ ಅವರಿಗೆ ಕಳಿಸಬಹುದು.

ನಿಮ್ಮ ಇಡೀ ಆಟದ ಬದುಕನ್ನು ಹೇಳಲು ಹೋಗಬೇಡಿ. ಹದಿನೈದು ವರ್ಷವನ್ನು ಹನ್ನೆರಡು ನಿಮಿಷಕ್ಕೆ ತುಂಬಿದರೆ ಉಳಿಯುವುದು ಊರು ಮತ್ತು ಇಸವಿ ಮಾತ್ರ. ಒಂದೇ ಪಂದ್ಯ ಆರಿಸಿಕೊಳ್ಳಿ. ಸೋತ ಪಂದ್ಯವಾದರೆ ಇನ್ನೂ ಒಳ್ಳೆಯದು. ಗೆದ್ದ ಪಂದ್ಯದ ಕತೆಯಲ್ಲಿ ಹೇಳುವವರು ದೊಡ್ಡವರಾಗುತ್ತಾರೆ. ಸೋತದ್ದರಲ್ಲಿ ಕೇಳುವವರು ತಮ್ಮ ಮುಖವನ್ನೇ ಕಾಣುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 2–1ರಿಂದ ಸೋತ ಪಂದ್ಯ ಇಂದಿಗೂ ಮಾತಿಗೆ ಬರುವುದು ಏಕೆ? ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದರು, ಬೆಂಗಳೂರಿನ ಸಾರಂಗಪಾಣಿ ರಾಮನ್ ಸಮಬಲದ ಗೋಲು ಹೊಡೆದರು, ಎರಡು ಪೆನಾಲ್ಟಿ ಕೈತಪ್ಪಿದವು. ಸೋಲಿನೊಳಗೆ ಅಷ್ಟೆಲ್ಲ ಇದೆ.

ಬರಿಗಾಲಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 1950ರ ವಿಶ್ವಕಪ್‌ಗೆ ಭಾರತ ಹೋಗದಿದ್ದುದು ಬೂಟು ಹಾಕಲೊಪ್ಪದ ಕಾರಣಕ್ಕೆ ಎಂಬ ಕತೆಯನ್ನು ವೇದಿಕೆಯಲ್ಲಿ ಹೇಳಬೇಡಿ. ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಅದನ್ನು ಒಪ್ಪಿರಲಿಲ್ಲ. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಅಂದು ಇಲ್ಲಿ ದೊಡ್ಡದೆನಿಸಿರಲಿಲ್ಲ. ಸಭೆಯಲ್ಲಿ ಫೋನ್ ಹಿಡಿದ ಹುಡುಗ ಒಂದು ನಿಮಿಷದಲ್ಲಿ ನಿಮ್ಮನ್ನು ಪರೀಕ್ಷಿಸಿಬಿಡುತ್ತಾನೆ.

ಮೊದಲ ಒಂದೂವರೆ ನಿಮಿಷ ಅವರ ಋತುವಿನ ಬಗ್ಗೆ. ಕಾರ್ಯದರ್ಶಿಯಿಂದ ಒಂದು ಹಾಳೆ ತರಿಸಿಕೊಳ್ಳಿ: ಎಷ್ಟು ಪಂದ್ಯ, ದಕ್ಷಿಣ ವಲಯದ ಅಂತರ ವಿವಿಯಲ್ಲಿ ಎಲ್ಲಿಯವರೆಗೆ ಹೋದರು, ಯಾರು ಗಾಯಗೊಂಡು ಕೂತರು, ಎಲ್ಲರೂ ನೆನೆಯುವ ಗೋಲು ಯಾವುದು. 'ನಿಮ್ಮ ಮೂರನೇ ಪಂದ್ಯ 89ನೇ ನಿಮಿಷದಲ್ಲಿ ಕೈತಪ್ಪಿತಂತೆ' ಎಂದು ಶುರುಮಾಡಿದರೆ ಸಾಕು, ಸಭೆ ನಿಮ್ಮದಾಯಿತು.

ಮುಂದಿನ ಐದು ನಿಮಿಷ ಆ ಒಂದು ಪಂದ್ಯ. ಮೈದಾನ ಹಸಿಯಿತ್ತೇ, ಎದುರಾಳಿ ವಿಂಗಿನವನು ಯಾವ ಕಾಲಿನವನು, ಕೋಚ್ ವಿರಾಮದಲ್ಲಿ ಏನೆಂದರು, ಆ ಚೆಂಡನ್ನು ನೀವು ಏಕೆ ಹಿಂದಕ್ಕೆ ಕೊಟ್ಟಿರಿ. ಎದುರಿಗಿರುವವರು ಆಟಗಾರರು, ಅವರಿಗೆ ಆಟದ ವಿವರ ಎಷ್ಟು ಕೊಟ್ಟರೂ ಹೆಚ್ಚಾಗದು. ಆಮೇಲೆ ಮೂರು ನಿಮಿಷ, ಅದರಿಂದ ಕಲಿತ ಒಂದು ಕೈಗೆಟಕುವ ವಿದ್ಯೆ: ಚೆಂಡು ಬರುವ ಮುನ್ನ ಎರಡೂ ಭುಜದ ಆಚೆ ನೋಡುವುದು, ಕಾರ್ನರ್ ಹೊತ್ತಿಗೆ ಹತ್ತಿರದ ಕಂಬ ಬಿಡದಿರುವುದು, ಅಂಥದ್ದು. 'ಪರಿಶ್ರಮ' ಎಂಬ ಪದವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕೊನೆಯಲ್ಲಿ ಎರಡು ನಿಮಿಷ, ಬಹುಮಾನ ಸಿಗದವರಿಗೆ: ಇಡೀ ಋತು ಬೆಂಚಿನಲ್ಲಿ ಕೂತ ಎರಡನೇ ಗೋಲ್‌ಕೀಪರ್, ಸುಣ್ಣದ ಗೆರೆ ಎಳೆಯುವ ಮೈದಾನದ ಸಿಬ್ಬಂದಿ. ಅವರ ಹೆಸರು ಆ ಹಾಳೆಯಲ್ಲಿರಲಿ. ಉಳಿದ ಅರ್ಧ ನಿಮಿಷ ನಗುವಿಗೆ, ಚಪ್ಪಾಳೆಗೆ.

ಬರೆದು ಓದಬೇಡಿ. ಅಂಗೈ ಅಗಲದ ಕಾರ್ಡಿನಲ್ಲಿ ಐದಾರು ಪದ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಮಂದ ಬೆಳಕಿನಲ್ಲಿ ಕನ್ನಡಕವಿಲ್ಲದೆಯೂ ಕಾಣಬೇಕು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಮ್ಮೆ ಜೋರಾಗಿ ಹೇಳಿ ನೋಡಿ. ಮನೆಯಲ್ಲಿ ಹತ್ತು ನಿಮಿಷವಾದದ್ದು ಸಭೆಯಲ್ಲಿ ಹನ್ನೆರಡಾಗುತ್ತದೆ.

ಬೇಡದವು ಕೆಲವು. ಹೆಣ್ಣುಮಕ್ಕಳ ತಂಡ ಎದುರಿಗೇ ಇರುವಾಗ 'ಹುಡುಗರೇ, ನೋಡ್ರಪ್ಪಾ' ಎಂದು ಶುರುಮಾಡುವುದು. ಡ್ರೆಸ್ಸಿಂಗ್ ರೂಮಿನ ಜೋಕು, ಅಲ್ಲಿ ತಂದೆತಾಯಿಯರೂ ಕೂತಿದ್ದಾರೆ. 'ಬನ್ನಿ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಕೊಡಿಸುತ್ತೇನೆ' ಎಂಬ ಭರವಸೆ, ಮಾರನೆಯ ದಿನವೇ ಫೋನ್ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮುರಿದ ಕಾಲಿಗೆ ಇಂಜೆಕ್ಷನ್ ತೆಗೆದುಕೊಂಡು ಆಡಿದ ಶೌರ್ಯದ ಕತೆ. ಚಪ್ಪಾಳೆ ಬಹಳ ಬೀಳುತ್ತದೆ, ನಿಜ. ಮುಂದಿನ ಋತುವಿನಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಉಳುಕಿದ ಕಣಕಾಲನ್ನು ಕೋಚ್‌ಗೆ ಹೇಳದೆ ಮುಚ್ಚಿಡುತ್ತಾಳೆ. ಹೇಳಲೇಬೇಕಿದ್ದರೆ ಇವತ್ತು ಆ ಕಾಲು ಹೇಗಿದೆ ಎಂಬುದನ್ನೂ ಹೇಳಿ.

ಭಾಷಣ ಒಲ್ಲೆ ಎಂದರೆ

ಅನೇಕ ಆಟಗಾರರು ಮಾತಿಗೆ ಹಿಂಜರಿಯುತ್ತಾರೆ. ಆಗ ಎರಡು ಕುರ್ಚಿ, ಎರಡು ಮೈಕ್, ಹದಿನೈದು ನಿಮಿಷದ ಮಾತುಕತೆ. ಹೆಚ್ಚಿನವರಿಗೆ ಇದೇ ಒಗ್ಗುತ್ತದೆ, ಮಂಡಿಗೂ ಆರಾಮ. ಪ್ರಶ್ನೆ ಕೇಳುವವರು ತಂಡದ ನಾಯಕಿ ಅಥವಾ ನಾಯಕನಾಗಿರಲಿ. ಆರು ಪ್ರಶ್ನೆ ಸಿದ್ಧವಿರಲಿ, ನಾಲ್ಕು ಮುಗಿದರೆ ಹೆಚ್ಚು.

'ನಿಮ್ಮ ಅನುಭವ ಹಂಚಿಕೊಳ್ಳಿ' ಎಂಬುದು ಪ್ರಶ್ನೆಯೇ ಅಲ್ಲ. 'ನಿಮ್ಮ ಕಾಲದ ಆಟಕ್ಕೂ ಐಎಸ್‌ಎಲ್‌ಗೂ (ಇಂಡಿಯನ್ ಸೂಪರ್ ಲೀಗ್) ಏನು ವ್ಯತ್ಯಾಸ' ಎಂದರೆ ಹದಿನೈದು ನಿಮಿಷವೂ ಫೆಡರೇಷನ್ ಮೇಲಿನ ದೂರಿಗೆ ಹೋಗುತ್ತದೆ. ಬದಲಿಗೆ 'ಪಂದ್ಯದ ದಿನ ಬೆಳಿಗ್ಗೆ ಏನು ತಿನ್ನುತ್ತಿದ್ದಿರಿ?', 'ಮೊದಲ ಬೂಟು ಎಲ್ಲಿ ಕೊಂಡಿರಿ, ಎಷ್ಟಕ್ಕೆ?', 'ನಿಮ್ಮನ್ನು ಅತಿ ಹೆಚ್ಚು ಕಾಡಿದ ಡಿಫೆಂಡರ್ ಯಾರು, ಏನು ಮಾಡುತ್ತಿದ್ದರು?' ಎಂದು ಕೇಳಿ. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಬರುತ್ತದೆ. ಸಭಿಕರ ಪ್ರಶ್ನೆಗಳನ್ನು ಕಾಫಿಯ ಹೊತ್ತಿನಲ್ಲೇ ಚೀಟಿಯಲ್ಲಿ ಬರೆಸಿಕೊಂಡು ಮೂರನ್ನು ಆರಿಸಿ. ಮೈಕನ್ನು ಸಭೆಯ ಕೈಗೆ ಬಿಟ್ಟರೆ ಯಾರೋ ಹಿರಿಯರು ತಮ್ಮ ಭಾಷಣ ಶುರುಮಾಡುತ್ತಾರೆ.

ಬರಲಾಗದಿದ್ದರೆ, ಬಂದು ಹೋದ ಮೇಲೆ

ಹಿಂದಿನ ದಿನ ಸಂಜೆ ಒಂದು ಫೋನ್ ಮಾಡಿ. ಆರೋಗ್ಯ ಕೈಕೊಟ್ಟು ಬರಲಾಗದು ಎಂದರೆ ಒತ್ತಾಯ ಬೇಡ. ಒಬ್ಬ ವಿದ್ಯಾರ್ಥಿ ಮನೆಗೇ ಹೋಗಿ ಫೋನಿನಲ್ಲಿ ನಾಲ್ಕು ನಿಮಿಷದ ಮಾತನ್ನು ಅಡ್ಡ ಹಿಡಿದು ಚಿತ್ರೀಕರಿಸಿ ತಂದರೆ ಸಂಜೆ ಉಳಿಯುತ್ತದೆ. ಫ್ಯಾನ್ ಆರಿಸಿ, ಕಿಟಕಿಗೆ ಮುಖ ಮಾಡಿ ಕೂರಿಸಿ, ಫೋನನ್ನು ಎರಡು ಅಡಿಗಿಂತ ದೂರ ಇಡಬೇಡಿ. ದೂರವಾದಷ್ಟೂ ದನಿ ಗುಂಯ್‌ಗುಡುತ್ತದೆ.

ಬಂದವರನ್ನು ಬಫೆ ಸಾಲಿನಲ್ಲಿ ನಿಲ್ಲಿಸಬೇಡಿ. ಒಂದು ಮೇಜಿಗೆ ಕೂರಿಸಿ ಬಡಿಸಿ, ಜೊತೆಗೆ ನಾಲ್ಕೈದು ಆಟಗಾರರನ್ನೇ ಕೂರಿಸಿ, ಅಧಿಕಾರಿಗಳನ್ನಲ್ಲ. ವೇದಿಕೆಯಲ್ಲಿ ಹೇಳದೆ ಉಳಿಸಿಕೊಂಡದ್ದು ಹೊರಬರುವುದು ಅಲ್ಲಿ. ಕಾರು ಒಂಬತ್ತಕ್ಕೆ ಸಿದ್ಧವಿರಲಿ, ಚಾಲಕರ ಊಟ ಅಷ್ಟರಲ್ಲಿ ಆಗಿರಲಿ. ಹಣ್ಣಿನ ಬುಟ್ಟಿ, ಸ್ಮರಣಿಕೆ, ಶಾಲು ಕಾರಿನಲ್ಲಿವೆಯೇ ಎಂದು ಎಣಿಸಿ. ಮನೆ ಮುಟ್ಟಿದರೇ ಎಂದು ಕೇಳಿಕೊಳ್ಳಿ. ವಾರದೊಳಗೆ ಎರಡು ಫೋಟೋಗಳನ್ನು ಕಾಗದದ ಮೇಲೆ ತೆಗೆಸಿ, ವಿದ್ಯಾರ್ಥಿಗಳ ಸಹಿ ಹಾಕಿಸಿ ತಲುಪಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಅರವತ್ತು ಫೋಟೋ ಅದಕ್ಕೆ ಸಮನಲ್ಲ.